ಮೇಷ್ಟ್ರ ಮನೆಯ ಕಂಪ್ಯೂಟರ್: ಮೂವತ್ತು ಸಾವಿರದೊಳಗೆ ಒಂದು ಆಯ್ಕೆ

ಇದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ 2025ರ ಬೇಸಿಗೆ ಮತ್ತು ಮಳೆಗಾಲದಲ್ಲಿ ನಡೆದದ್ದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಅಂಗಡಿಗಳ ಹೆಸರನ್ನೂ ಹಾಕಿಲ್ಲ. ಇಲ್ಲಿರುವ ಬೆಲೆಗಳೆಲ್ಲ ಆ ದಿನಗಳವು. ಕಂಪ್ಯೂಟರ್ ಸಾಮಾನಿನ ಬೆಲೆ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಹಾಗಾಗಿ ಅಂಕಿಗಿಂತ ನಾವು ಯಾಕೆ ಹಾಗೆ ತೀರ್ಮಾನಿಸಿದೆವು ಅನ್ನುವುದನ್ನು ನೋಡಿ.

ಮನೆ ಮತ್ತು ಯಂತ್ರ

ಮನೆಯ ಯಜಮಾನರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಾನು ಅವರ ಹಳೆಯ ವಿದ್ಯಾರ್ಥಿ. ಈಗ ಅದೇ ಊರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಮನೆಯಲ್ಲಿ ಮೇಷ್ಟ್ರು, ಅವರ ಹೆಂಡತಿ, ಪಿಯುಸಿ ಓದಲು ಬಂದಿರುವ ಮೊಮ್ಮಗಳು. ಮೂವರಿಗೂ ಸೇರಿ ಒಂದೇ ಕಂಪ್ಯೂಟರ್. 2013ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್. ಒಳಗೆ ಮೂರನೇ ಪೀಳಿಗೆಯ ಐ3-3220 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್.

ಮೇಷ್ಟ್ರು ಅದರಲ್ಲಿ ತಾಲ್ಲೂಕಿನ ಕೆರೆಗಳ ಬಗ್ಗೆ ಒಂದು ಪುಸ್ತಕ ಬರೆಯುತ್ತಿದ್ದರು, ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ. ಅಮ್ಮ ಮಹಿಳಾ ಸಂಘದ ಲೆಕ್ಕ ನೋಡಿಕೊಳ್ಳುತ್ತಾರೆ. ಮೊದಲು ಪುಸ್ತಕದಲ್ಲಿ ಬರೆದು ಆಮೇಲೆ ಎಕ್ಸೆಲ್‌ಗೆ ಹಾಕುತ್ತಾರೆ. ಮೊಮ್ಮಗಳಿಗೆ ಪಾಠದ ವಿಡಿಯೋ, ಪಿಡಿಎಫ್, ಮುಂದೆ ಸಿಇಟಿ ಅರ್ಜಿ. ಇಷ್ಟೇ ಕೆಲಸ. ಆಟ ಆಡುವವರಿಲ್ಲ, ವಿಡಿಯೋ ಎಡಿಟ್ ಮಾಡುವವರೂ ಇಲ್ಲ.

ಲ್ಯಾಪ್‌ಟಾಪ್ ಯಾಕೆ ಬೇಡ ಅಂತ ಕೇಳಬಹುದು. ಮೇಷ್ಟ್ರಿಗೆ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಅಕ್ಷರ ದೊಡ್ಡದಾಗಿ ಕಾಣಬೇಕು. ಮೂವರು ಬೇರೆ ಬೇರೆ ಹೊತ್ತಿನಲ್ಲಿ ಒಂದೇ ಮೇಜಿಗೆ ಬಂದು ಕೂರುತ್ತಾರೆ. ಕೀಬೋರ್ಡ್ ಕೆಟ್ಟರೆ ಡೆಸ್ಕ್‌ಟಾಪಿಗೆ ಐನೂರು ರೂಪಾಯಿಯಲ್ಲಿ ಹೊಸದು ಬರುತ್ತದೆ, ಲ್ಯಾಪ್‌ಟಾಪಿನಲ್ಲಿ ಅದೇ ದೊಡ್ಡ ರಿಪೇರಿ. ಮನೆಯಲ್ಲೇ ಇರುವ ಕಂಪ್ಯೂಟರಿಗೆ ಡೆಸ್ಕ್‌ಟಾಪೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಅವರೂ ಅದನ್ನೇ ಬಯಸಿದ್ದರು.

ತೊಂದರೆ ಎಲ್ಲಿತ್ತು

ಮೇ ಮೊದಲ ವಾರ ಮೇಷ್ಟ್ರು ಫೋನ್ ಮಾಡಿದರು. "ಆನ್ ಮಾಡಿ ಕಾಫಿ ಕುಡಿದು ಬಂದರೂ ಇನ್ನೂ ಸುತ್ತುತ್ತಾ ಇರ್ತದೆ ಮಾರಾಯ. ಹೊಸದು ತಗೊಳ್ಳೋದೇ ವಾಸಿ ಅಲ್ವಾ?"

ಹೋಗಿ ನೋಡಿದೆ. ಕೆಲಸಕ್ಕೆ ಸಿದ್ಧವಾಗಲು ಆರು ನಿಮಿಷ ತೆಗೆದುಕೊಳ್ಳುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಹತ್ತು, ಹದಿನೈದು ಪರ್ಸೆಂಟಿನಲ್ಲಿ ಸುಮ್ಮನೆ ಕೂತಿದೆ, ಡಿಸ್ಕ್ ಮಾತ್ರ ನೂರಕ್ಕೆ ನೂರು. ಹಳೆಯ ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆ ಇರುತ್ತದೆ, ಅದರ ಮೇಲೆ ಓದುವ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಬೇಕು. ವಿಂಡೋಸ್ 10 ಶುರುವಾಗುವಾಗ ಸಾವಿರಾರು ಸಣ್ಣ ಸಣ್ಣ ಫೈಲ್ ಕೇಳುತ್ತದೆ. ಓಡಾಡುವುದರಲ್ಲೇ ಹೊತ್ತು ಕಳೆಯುತ್ತದೆ. ಎಸ್‌ಎಸ್‌ಡಿ ಅನ್ನುವ ಹೊಸ ಬಗೆಯ ಡಿಸ್ಕಿನಲ್ಲಿ ತಿರುಗುವ ಭಾಗವೇ ಇಲ್ಲ, ಹಾಗಾಗಿ ಈ ಕಾಯುವಿಕೆಯೂ ಇಲ್ಲ.

ಅಷ್ಟರಲ್ಲಾಗಲೇ ಮನೆಯವರ ಮುಂದೆ ಮೂರು ಸಲಹೆ ಇದ್ದವು. ಪೇಟೆಯ ಒಂದು ಅಂಗಡಿಯಲ್ಲಿ "ಐ5 ಫುಲ್ ಸೆಟ್", ಮಾನಿಟರ್ ಸಮೇತ 13,500. ಬೆಂಗಳೂರಿನ ಅಳಿಯ ಹೇಳಿದ್ದು ಪರದೆಯೊಳಗೇ ಕಂಪ್ಯೂಟರ್ ಇರುವ ಹೊಸ ಆಲ್-ಇನ್-ಒನ್, 48,000. ಮೊಮ್ಮಗಳ ಸ್ನೇಹಿತೆಯ ಅಣ್ಣ ಬರೆದುಕೊಟ್ಟದ್ದು ಗ್ರಾಫಿಕ್ಸ್ ಕಾರ್ಡ್ ಇರುವ ಪಟ್ಟಿ, 55,000ಕ್ಕೂ ಮೇಲೆ. ಮೇಷ್ಟ್ರ ಕೈಯಲ್ಲಿದ್ದದ್ದು 30,000. ಇದರ ಜೊತೆ ಇನ್ನೊಂದು ಗಡುವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುವ ಮಾಮೂಲಿ ಸುರಕ್ಷತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲುವುದಿತ್ತು. ವಿಂಡೋಸ್ 11ಕ್ಕೆ ಆ ಹಳೆಯ ಐ3 ಅರ್ಹವೇ ಅಲ್ಲ.

ಮೊದಲ ಪ್ರಯತ್ನ, ನನ್ನ ತಪ್ಪು

ಹೊಸದು ಈಗಲೇ ಬೇಡ ಅಂದೆ. 1,700 ರೂಪಾಯಿಯ 240 ಜಿಬಿ ಎಸ್‌ಎಸ್‌ಡಿ ತಂದು, ಹಳೆಯ ಡಿಸ್ಕಿನಲ್ಲಿದ್ದ ಎಲ್ಲವನ್ನೂ ಹಾಗೇ ಅದಕ್ಕೆ ನಕಲು ಮಾಡಿದೆ. ಆರು ನಿಮಿಷದ ಕೆಲಸ ನಲವತ್ತು ಸೆಕೆಂಡಿಗೆ ಇಳಿಯಿತು. ಅಕ್ಟೋಬರ್ ಹೊತ್ತಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ವ್ಯವಸ್ಥೆ ಹಾಕಿದರೆ ಇನ್ನೂ ಎರಡು ಮೂರು ವರ್ಷ ಓಡುತ್ತದೆ ಅನ್ನುವುದು ನನ್ನ ಲೆಕ್ಕ. ಲಿನಕ್ಸಿನಲ್ಲೂ ಮೇಷ್ಟ್ರಿಗೆ ರೂಢಿಯಾಗಿರುವ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸ ಸಿಗುತ್ತದೆ. ಹಳೆಯ ಹಾರ್ಡ್ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಡಲು ಹೇಳಿದೆ.

ಆ ದಿನ ಅಮ್ಮ ಒಂದು ಮಾತು ಹೇಳಿದರು. "ಕಾಲಲ್ಲಿ ಚಪ್ಪಲಿ ಇಲ್ಲದೆ ಆ ಡಬ್ಬ ಮುಟ್ಟಿದರೆ ಕೈ ಜುಮ್ ಅನ್ನುತ್ತೆ ಕಣಪ್ಪ. ಒಂದು ವರ್ಷದಿಂದ ಹಾಗೇ." ನಾನು ಕೇಳಿಸಿಕೊಂಡೆ, ನೋಡಲಿಲ್ಲ. ಹಳೆಯ ಯಂತ್ರ, ಇರುತ್ತದೆ ಬಿಡಿ ಅಂದೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು.

ಮೂರು ವಾರ ಕಳೆಯಿತು. ಮೇ ಕೊನೆಯ ಒಂದು ಸಂಜೆ ಗುಡುಗು ಮಳೆ. ಕರೆಂಟ್ ಹೋಗಿ ಬಂತು, ಮತ್ತೆ ಹೋಗಿ ಬಂತು. ಎರಡನೇ ಸಲ ಬಂದಾಗ ಕ್ಯಾಬಿನೆಟ್ಟಿನಿಂದ ಪಟ್ ಅನ್ನುವ ಶಬ್ದ, ಸುಟ್ಟ ವಾಸನೆ. ಮರುದಿನ ಬಿಚ್ಚಿ ನೋಡಿದರೆ ಹನ್ನೆರಡು ವರ್ಷದ ಎಸ್‌ಎಂಪಿಎಸ್ ಸತ್ತಿತ್ತು. ಅದೊಂದೇ ಅಲ್ಲ. ಮದರ್‌ಬೋರ್ಡಿಗೆ ಜೀವ ಬರಲಿಲ್ಲ. ಎಸ್‌ಎಸ್‌ಡಿಯನ್ನು ಬೇರೆ ಕಂಪ್ಯೂಟರಿಗೆ ಹಾಕಿದರೂ ಕಾಣಿಸಿಕೊಳ್ಳಲಿಲ್ಲ. ಎಸ್‌ಎಂಪಿಎಸ್ ಅಂದರೆ ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿ ಒಳಗಿನ ಎಲ್ಲ ಭಾಗಕ್ಕೂ ಹಂಚುವ ಡಬ್ಬ. ಅದು ಕೆಟ್ಟ ರೀತಿಯಲ್ಲಿ ಸತ್ತರೆ ತನ್ನ ಜೊತೆ ಉಳಿದವರನ್ನೂ ಎಳೆದುಕೊಂಡು ಹೋಗುತ್ತದೆ.

ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ. "ಪುಸ್ತಕ?"

ಬೀರುವಿನಲ್ಲಿದ್ದ ಹಾರ್ಡ್ ಡಿಸ್ಕ್ ತೆಗೆದೆವು. ಮೂರು ವಾರದ ಹಿಂದಿನವರೆಗಿನ ಎಲ್ಲವೂ ಅದರಲ್ಲಿತ್ತು. ಹೋದದ್ದು ಆಮೇಲೆ ಬರೆದ ಹನ್ನೊಂದು ಪುಟ. ಸಂಘದ ಲೆಕ್ಕ ಅಮ್ಮನ ಕೈಬರಹದ ಪುಸ್ತಕದಲ್ಲಿ ಇದ್ದೇ ಇತ್ತು. ಹನ್ನೊಂದು ಪುಟ ಅಂದರೆ ಓದುವವರಿಗೆ ಕಡಿಮೆ ಅನ್ನಿಸಬಹುದು. ಎರಡು ಕೆರೆಗಳ ಏರಿ ಮೇಲೆ ಓಡಾಡಿ, ಹಿರಿಯರನ್ನು ಮಾತಾಡಿಸಿ ಬರೆದದ್ದು ಅದು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಎಸ್‌ಎಸ್‌ಡಿ ಹಾಕಿದ್ದು ತಪ್ಪಲ್ಲ. ಹಳೆಯ ಯಂತ್ರ ಸಾಯುತ್ತಿರುವುದು ಡಿಸ್ಕಿನಿಂದಲೋ ಕರೆಂಟಿನಿಂದಲೋ ಅಂತ ನೋಡದೆ, ಒಂದನ್ನು ಮಾತ್ರ ಸರಿಮಾಡಿದ್ದು ತಪ್ಪು.

ಗೋಡೆಯಿಂದ ಶುರು

ಎರಡನೇ ಸಲ ನಾನು ಕಂಪ್ಯೂಟರಿನ ಮಾತೇ ಎತ್ತಲಿಲ್ಲ. ಮಲ್ಟಿಮೀಟರ್ ತೆಗೆದುಕೊಂಡು ಹೋದೆ. ಪ್ಲಗ್ಗಿನ ಫೇಸ್ ಮತ್ತು ನ್ಯೂಟ್ರಲ್ ನಡುವೆ 228 ವೋಲ್ಟ್, ಸರಿ. ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ ತೋರಿಸಬೇಕು. ಇಲ್ಲಿ ಸ್ಥಿರವಾಗಿ ಏನೂ ನಿಲ್ಲದೆ ಅಂಕಿ ತೇಲುತ್ತಿತ್ತು. ಅಂದರೆ ಆ ಮೂರನೇ ಪಿನ್ ಎಲ್ಲಿಗೂ ಹೋಗುತ್ತಿರಲಿಲ್ಲ. ಬೋರ್ಡ್ ಬಿಚ್ಚಿದರೆ ಹಸಿರು ವೈರ್ ಬಂದಿದೆ, ಸಾಕೆಟ್ಟಿಗೆ ಸಿಕ್ಕಿಸಿಲ್ಲ. ಹಿತ್ತಿಲಿನ ಅರ್ಥ್ ಗುಂಡಿಯಲ್ಲಿ ಕಂಬಿಯ ತುದಿ ತುಕ್ಕು ಹಿಡಿದು ಕಳಚಿತ್ತು.

ಅಮ್ಮನ ಕೈ ಜುಮ್ ಅಂದದ್ದು ಇದರಿಂದಲೇ. ಎಸ್‌ಎಂಪಿಎಸ್ ಒಳಗಿನ ಫಿಲ್ಟರಿನಿಂದ ಸ್ವಲ್ಪ ಕರೆಂಟ್ ಯಾವಾಗಲೂ ಲೋಹದ ಡಬ್ಬಕ್ಕೆ ಸೋರುತ್ತದೆ. ಅರ್ಥ್ ಇದ್ದರೆ ಅದು ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಹೇಳಿದರೆ ದಯವಿಟ್ಟು ಅದನ್ನು ತಳ್ಳಿಹಾಕಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಸರ್ಜ್ ಪ್ರೊಟೆಕ್ಟರ್ ಇರುವ ಪ್ಲಗ್ ಪಟ್ಟಿ ತಂದರೂ ಅರ್ಥ್ ಇಲ್ಲದೆ ಅದು ತನ್ನ ಪೂರ್ತಿ ಕೆಲಸ ಮಾಡಲಾರದು.

ಗುಂಡಿ ಮತ್ತೆ ತೋಡಿ, ಹೊಸ ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿ, ವೈರ್ ಎಳೆಯಲು ಎಲೆಕ್ಟ್ರಿಷಿಯನ್ ತಗೊಂಡದ್ದು 2,400. ಇದು ಕಂಪ್ಯೂಟರಿನ ಬಜೆಟ್ಟಿಗೆ ಸೇರುವುದಿಲ್ಲ ಅಂತ ಮೇಷ್ಟ್ರೇ ಹೇಳಿದರು. "ಇದು ಮನೆಗೆ ಆಗಬೇಕಿದ್ದ ಕೆಲಸ."

ಅಂಗಡಿಯಲ್ಲಿ "ಐ5"

ಹಳೆಯದಕ್ಕೆ ಸೆಕೆಂಡ್ ಹ್ಯಾಂಡ್ ಮದರ್‌ಬೋರ್ಡ್ ಹುಡುಕಬಹುದಿತ್ತು. ಬೋರ್ಡ್, ಎಸ್‌ಎಂಪಿಎಸ್, ಎಸ್‌ಎಸ್‌ಡಿ ಸೇರಿ ಆರು ಸಾವಿರ ದಾಟುತ್ತಿತ್ತು, ಅದೂ ವಿಂಡೋಸ್ 11 ಬಾರದ ಯಂತ್ರಕ್ಕೆ. ಬೇಡ ಅಂದೆವು.

ಹಾಗಾದರೆ 13,500ರ ಫುಲ್ ಸೆಟ್ ನೋಡೋಣ ಅಂತ ಮೇಷ್ಟ್ರಿಗೆ ಮನಸ್ಸು. ಮೂವರೂ ಹೋದೆವು. ಹೊಸ ಕ್ಯಾಬಿನೆಟ್, ಬಣ್ಣದ ದೀಪ, ವಿಂಡೋಸ್ 11 ಕೂಡ ತೆರೆಯಿತು. ನಾನು ಬೇಕೆಂದೇ ಸುಮ್ಮನಿದ್ದೆ. ಹಿಂದಿನ ದಿನ ಮೊಮ್ಮಗಳಿಗೆ ನಂಬರ್ ಓದುವುದನ್ನು ಹೇಳಿಕೊಟ್ಟಿದ್ದೆ. ಐ5-8400 ಅಂದರೆ ಅಡ್ಡಗೆರೆಯ ನಂತರದ 8, ಎಂಟನೇ ಪೀಳಿಗೆ. ಐ5-12400 ಅಂದರೆ 12, ಹನ್ನೆರಡನೇ ಪೀಳಿಗೆ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ತೆರೆದರೆ ಕಾಣುತ್ತದೆ.

ಅವಳು ತೆರೆದಳು. ಐ5-2400. "ಅಜ್ಜ, ಇದು ಎರಡನೇ ಪೀಳಿಗೆ. ನಮ್ಮ ಹಳೇದಕ್ಕಿಂತ ಹಳೇದು."

ಆ ಪ್ರೊಸೆಸರ್ ಬಂದದ್ದು 2011ರಲ್ಲಿ. ಮೈಕ್ರೋಸಾಫ್ಟಿನ ಪಟ್ಟಿಯಲ್ಲಿ ಇಂಟೆಲ್‌ನ ಎಂಟನೇ ಪೀಳಿಗೆಯಿಂದ ಈಚಿನವು ವಿಂಡೋಸ್ 11ಕ್ಕೆ ಅರ್ಹ (ಏಳನೆಯದರಲ್ಲಿ ಬೆರಳೆಣಿಕೆಯಷ್ಟು), ಜೊತೆಗೆ ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಬೇಕು. ಅಲ್ಲಿದ್ದದ್ದು ತಪಾಸಣೆ ತಪ್ಪಿಸಿ ಹಾಕಿದ ವಿಂಡೋಸ್. ಅಂಥ ಯಂತ್ರಕ್ಕೆ ಮುಂದಿನ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಯಾರೂ ಭರವಸೆ ಕೊಡುವುದಿಲ್ಲ. ಬಿಲ್ ಕೇಳಿದರೆ ಕೈಬರಹದ ಚೀಟಿ. ವಾರಂಟಿ ಬಾಯಿಮಾತಿನಲ್ಲಿ ಒಂದು ತಿಂಗಳು.

"ಐ5" ಅನ್ನುವ ಎರಡಕ್ಷರಕ್ಕೆ ನಮ್ಮ ಊರುಗಳಲ್ಲಿ ಇನ್ನೂ ತುಂಬಾ ಬೆಲೆ ಇದೆ. ಐ5 ಚೆನ್ನಾಗಿದೆ, ಐ3 ಸಾಲದು ಅಂತ ಜನ ಮಾತಾಡುತ್ತಾರೆ. ನಿಜ ಏನೆಂದರೆ 2022ರ ಐ3-12100 ಎದುರು 2011ರ ಐ5 ನಿಲ್ಲುವುದೇ ಇಲ್ಲ. ಪೀಳಿಗೆ ಕೇಳದೆ ಐ5 ಅಂತ ಕೊಳ್ಳುವುದು, ಯಾವ ವರ್ಷದ್ದು ಅಂತ ಕೇಳದೆ ಕಾರು ಕೊಂಡ ಹಾಗೆ.

ಮೂರು ದಾರಿ

ಮನೆಗೆ ಬಂದು ಕಾಗದದ ಮೇಲೆ ಬರೆದೆವು. ಯಾವ ಯಂತ್ರ ಅಂತಲ್ಲ, ಮನೆಯಲ್ಲಿ ನಡೆಯುವ ಕೆಲಸ ಏನು ಅಂತ. ಮೊಮ್ಮಗಳ ಬ್ರೌಸರಿನಲ್ಲಿ ಹದಿನೈದು ಟ್ಯಾಬ್, ಒಂದು ವಿಡಿಯೋ, ಜೊತೆಗೆ ಅಜ್ಜನ ಬರವಣಿಗೆ. ಇದಕ್ಕೆ 16 ಜಿಬಿ ರ‍್ಯಾಮ್ ಇದ್ದರೆ ಆರಾಮ, 8 ಇದ್ದರೂ ನಡೆಯುತ್ತದೆ. ಎಸ್‌ಎಸ್‌ಡಿ ಇರಲೇಬೇಕು. ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ, ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಸಾಕು. 55,000ದ ಪಟ್ಟಿ ಅಲ್ಲಿಗೆ ಹೋಯಿತು. ಆಲ್-ಇನ್-ಒನ್ ಬಜೆಟ್ಟಿನ ಕಾರಣಕ್ಕೆ ಮಾತ್ರವಲ್ಲ, ಪರದೆ ಕೆಟ್ಟರೆ ಇಡೀ ಕಂಪ್ಯೂಟರ್ ರಿಪೇರಿಗೆ ಹೋಗಬೇಕು ಅನ್ನುವ ಕಾರಣಕ್ಕೂ ಬಿಟ್ಟೆವು.

ಉಳಿದದ್ದು ಮೂರು. ಒಂದು, ಐ3-12100 ಹಾಕಿ ಹೊಸದಾಗಿ ಜೋಡಿಸುವುದು. ಮಾನಿಟರ್, ಯುಪಿಎಸ್, ವಿಂಡೋಸ್ ಲೈಸೆನ್ಸ್ ಬಿಟ್ಟು 25,000ದ ಹತ್ತಿರ. ಬಜೆಟ್ ಹತ್ತು ಸಾವಿರಕ್ಕೂ ಹೆಚ್ಚು ಮೀರುತ್ತದೆ. ಅಷ್ಟು ಹಣ ಇದ್ದಿದ್ದರೆ ನಾನು ಇದನ್ನೇ ಹೇಳುತ್ತಿದ್ದೆ. ಎರಡು, ಇಂಟೆಲ್ ಎನ್100 ಚಿಪ್ಪಿನ ಹೊಸ ಮಿನಿ ಪಿಸಿ. ತುಂಬಾ ಕಡಿಮೆ ಕರೆಂಟ್ ಸಾಕು, ಇವರ ಕೆಲಸಕ್ಕೂ ಸಾಕು. ಆದರೆ ನಾವು ನೋಡಿದ ಬ್ರ್ಯಾಂಡುಗಳಿಗೆ ನಮ್ಮ ಸುತ್ತಮುತ್ತ ಸರ್ವಿಸ್ ಇರಲಿಲ್ಲ. ಮೂರು, ದೊಡ್ಡ ಕಂಪನಿಗಳ ಆಫೀಸಿನಲ್ಲಿ ಮೂರು ನಾಲ್ಕು ವರ್ಷ ಕೆಲಸ ಮಾಡಿ ಹೊರಬಂದ, ಸರಿಮಾಡಿ ಮತ್ತೆ ಮಾರುವ ರಿಫರ್ಬಿಷ್ಡ್ ಯಂತ್ರ.

ಮೂರನೆಯದಕ್ಕೆ ಮೇಷ್ಟ್ರು ಒಪ್ಪಲಿಲ್ಲ. "ಯಾರೋ ಬಳಸಿ ಬಿಟ್ಟಿದ್ದು ಯಾಕಪ್ಪಾ?" ಅವರ ಅನುಮಾನ ನ್ಯಾಯವಾದದ್ದೇ. ಈಗ ತಾನೇ ಒಂದು ಹಳೆಯ ಯಂತ್ರ ಅವರ ಹನ್ನೊಂದು ಪುಟ ತಿಂದಿತ್ತು. ನಾನು ಹೇಳಿದ್ದು ಇಷ್ಟು. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಇವೆಲ್ಲ ಆಫೀಸಿಗೆಂದೇ ಮಾಡಿದವು. ಐಟಿ ಕಂಪನಿಗಳು ಅವನ್ನು ಒಟ್ಟಿಗೆ ನೂರಾರು ಕೊಂಡು, ಲೆಕ್ಕಕ್ಕೆ ಅವಧಿ ಮುಗಿದಾಗ ಒಟ್ಟಿಗೇ ಮಾರುತ್ತವೆ. ಕೆಟ್ಟಿದ್ದಕ್ಕೇ ಮಾರುವುದಲ್ಲ. ಬೆಂಗಳೂರು ಐಟಿ ಊರಾದ್ದರಿಂದ ಇವು ಅಲ್ಲಿನ ಕಂಪ್ಯೂಟರ್ ಪೇಟೆ ಎಸ್.ಪಿ. ರೋಡಿಗೆ ಧಾರಾಳವಾಗಿ ಬರುತ್ತವೆ. ಒಳಗಿನ ವಿಂಡೋಸ್ ಲೈಸೆನ್ಸ್ ಸಾಮಾನ್ಯವಾಗಿ ಬೋರ್ಡಿನ ಜೊತೆಗೇ ಇರುತ್ತದೆ, ಬೇರೆ ಖರ್ಚಿಲ್ಲ.

ಕೊನೆಗೆ ಅವರು ಒಂದು ಷರತ್ತು ಹಾಕಿದರು. ಕಂಪ್ಯೂಟರ್ ಪೆಟ್ಟಿಗೆ ಮಾತ್ರ ಹಳೆಯದು, ಮಾನಿಟರ್ ಮತ್ತು ಯುಪಿಎಸ್ ಹೊಸದೇ ಆಗಬೇಕು. ಒಳ್ಳೆಯ ಷರತ್ತು. ಬಳಸಿದ ಯುಪಿಎಸ್ ಕೊಂಡರೆ ಅದರ ಬ್ಯಾಟರಿಯ ವಯಸ್ಸನ್ನೂ ಕೊಂಡ ಹಾಗೆ.

ಎಸ್.ಪಿ. ರೋಡಿನಲ್ಲಿ ಒಂದು ದಿನ

ಜೂನ್ ಎರಡನೇ ವಾರ ರಾತ್ರಿ ಬಸ್ಸಿಗೆ ಹೋದೆವು. ಮೊದಲ ಅಂಗಡಿಯಲ್ಲಿ ತೋರಿಸಿದ್ದು ಚಪ್ಪಟೆ ಕ್ಯಾಬಿನೆಟ್ಟಿನ ಯಂತ್ರ. ಬೆಲೆ ಕಡಿಮೆ. ಆದರೆ ಅದರ ಎಸ್‌ಎಂಪಿಎಸ್ ಆ ಮಾದರಿಗೆಂದೇ ಮಾಡಿದ್ದು, ಸಾಮಾನ್ಯ ಎಸ್‌ಎಂಪಿಎಸ್ ಅದರೊಳಗೆ ಕೂರುವುದೇ ಇಲ್ಲ. ನಮ್ಮೂರಿನಲ್ಲಿ ಅದು ಸತ್ತರೆ ನಾನು ಬೆಂಗಳೂರಿಗೇ ಓಡಬೇಕು. ಮೇ ತಿಂಗಳ ಅನುಭವ ಇಲ್ಲದಿದ್ದರೆ ಇದನ್ನು ನಾನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಿರಲಿಲ್ಲ.

ಎರಡನೇ ಅಂಗಡಿಯಲ್ಲಿ ಥಿಂಕ್‌ಸೆಂಟರ್ ಎಂ720ಕ್ಯೂ ಇತ್ತು. ದಪ್ಪ ಪುಸ್ತಕದಷ್ಟು ದೊಡ್ಡದು. ಐ5-8400ಟಿ, ಎಂಟನೇ ಪೀಳಿಗೆ, ಆರು ಕೋರ್, 35 ವಾಟ್ ಮಟ್ಟದ ಪ್ರೊಸೆಸರ್. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಇದಕ್ಕೆ ಒಳಗೆ ಎಸ್‌ಎಂಪಿಎಸ್ ಇಲ್ಲ. ಲ್ಯಾಪ್‌ಟಾಪಿನಂತೆ ಹೊರಗೆ ಅಡಾಪ್ಟರ್, ಅದೂ ಅದೇ ಕಂಪನಿಯ ಹಲವು ಲ್ಯಾಪ್‌ಟಾಪ್‌ಗಳಿಗೆ ಬರುವ ಮಾದರಿಯದ್ದು. ಕರೆಂಟಿನ ಏಟು ಬಿದ್ದರೆ ಮೊದಲು ಸಾಯುವ ಸಾಧ್ಯತೆ ಇರುವುದು ಆ ಅಡಾಪ್ಟರಿಗೆ, ಅದನ್ನು ಬದಲಿಸುವುದು ಎರಡು ನಿಮಿಷದ ಕೆಲಸ.

ಒಂದು ಗಂಟೆ ಅಂಗಡಿಯಲ್ಲೇ ಕೂತು ನೋಡಿದೆವು. ವಿಂಡೋಸ್ ಆಕ್ಟಿವೇಟ್ ಆಗಿದೆಯೇ, ಟಿಪಿಎಂ 2.0 ಅಂತ ತೋರಿಸುತ್ತದೆಯೇ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ಒಯ್ದಿದ್ದೆ. ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ, ಆರೋಗ್ಯ ಎಷ್ಟು ಉಳಿದಿದೆ ಅಂತ ಅದು ಹೇಳುತ್ತದೆ. ಮೊದಲು ಕೊಟ್ಟ ಯಂತ್ರದಲ್ಲಿ 71 ಪರ್ಸೆಂಟ್ ಬಂತು. ಬೇರೆ ಕೊಡಿ ಅಂದೆವು, ಎರಡನೆಯದರಲ್ಲಿ 96. ಎಲ್ಲ ಯುಎಸ್‌ಬಿಗೂ ಪೆನ್‌ಡ್ರೈವ್ ಹಾಕಿ ನೋಡಿದಳು ಮೊಮ್ಮಗಳು. ಅರ್ಧ ಗಂಟೆ ವಿಡಿಯೋ ಓಡಿಸಿಟ್ಟು ಫ್ಯಾನ್ ಸದ್ದು ಕೇಳಿದೆವು. ಒಂದು ಕೊರತೆ ಸಿಕ್ಕಿತು, ಒಳಗೆ ವೈಫೈ ಇಲ್ಲ. ಆಫೀಸಿನ ಯಂತ್ರಗಳಲ್ಲಿ ಇದು ಮಾಮೂಲು.

ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್, ಒಂದು ವರ್ಷದ ವಾರಂಟಿ ಎರಡನ್ನೂ ಬರೆಸಿಕೊಂಡೆವು. ಬರೆಯಲು ಒಪ್ಪದಿದ್ದರೆ ಎದ್ದು ಬರಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆವು.

ಯಂತ್ರ 16,000. ಇನ್ನೊಂದು 8 ಜಿಬಿ ರ‍್ಯಾಮ್ 1,600. ಹೊಸ 22 ಇಂಚಿನ ಐಪಿಎಸ್ ಮಾನಿಟರ್ 6,800. 600 ವಿಎ ಯುಪಿಎಸ್ 3,000. ಕೀಬೋರ್ಡ್, ಮೌಸ್ 900. ಯುಎಸ್‌ಬಿ ವೈಫೈ 600. ಒಟ್ಟು 28,900.

ಮನೆಗೆ ಬಂದ ಮೇಲೆ

ಮೊದಲ ದಿನವೇ ಒಂದು ಗಾಬರಿ. ಬೀರುವಿನ ಹಾರ್ಡ್ ಡಿಸ್ಕಿನಿಂದ ಪುಸ್ತಕದ ಫೈಲ್ ತಂದು ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಮೇಷ್ಟ್ರ ಮುಖ ಸಣ್ಣದಾಯಿತು. ಫೈಲ್ ಕೆಟ್ಟಿರಲಿಲ್ಲ. ಹಳೆಯ ನುಡಿಯಲ್ಲಿ ಅಕ್ಷರಗಳು ಯುನಿಕೋಡ್, ಅಂದರೆ ಎಲ್ಲ ಯಂತ್ರಗಳೂ ಗುರುತಿಸುವ ಸಂಕೇತ, ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಇಟ್ಟ ಫಾಂಟ್ ಅದು. ಆ ಫಾಂಟ್ ಹೊಸ ಯಂತ್ರದಲ್ಲಿ ಇಲ್ಲದಿದ್ದರೆ ಹೀಗೇ ಕಾಣುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ಮತ್ತೆ ಹಾಕಿದ ಕೂಡಲೇ ಕೆರೆಗಳೆಲ್ಲ ವಾಪಸ್ ಬಂದವು.

ಆದರೆ ಇನ್ನು ಮುಂದೆ ಯುನಿಕೋಡಿನಲ್ಲೇ ಬರೆಯುವುದು ಅಂತ ಅವತ್ತೇ ತೀರ್ಮಾನಿಸಿದೆವು. ಅದೇ ಕಗಪ ಕೀಲಿಮಣೆ, ಅದೇ ಬೆರಳಿನ ಅಭ್ಯಾಸ, ಅಕ್ಷರ ಮಾತ್ರ ಫೋನಿನಲ್ಲೂ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ. ಹಳೆಯ ಪುಟಗಳನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಿದೆವು. ಅರ್ಕಾವತ್ತು ಇರುವ ಕಡೆ, ಕೆಲವು ಒತ್ತಕ್ಷರಗಳಲ್ಲಿ ತಪ್ಪು ಉಳಿಯಿತು. ಮೇಷ್ಟ್ರು ಜುಲೈ ಪೂರ್ತಿ ಕೂತು ತಿದ್ದಿದರು. ಕನ್ನಡದಲ್ಲಿ ಬರೆಯುವವರ ಮನೆಯಲ್ಲಿ ಕಂಪ್ಯೂಟರ್ ಬದಲಿಸುವಾಗ ಈ ಕೆಲಸಕ್ಕೂ ದಿನ ಇಟ್ಟುಕೊಳ್ಳಬೇಕು. ಅಂಗಡಿಯವರು ಇದನ್ನು ಹೇಳುವುದಿಲ್ಲ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಯಾವ ವೆಬ್‌ಸೈಟೂ ತೆರೆಯುತ್ತಿಲ್ಲ, ಸುರಕ್ಷಿತವಲ್ಲ ಅನ್ನುತ್ತಿದೆ ಅಂತ ಫೋನ್. ದಿನಾಂಕ ನೋಡಮ್ಮ ಅಂದೆ. 2018 ತೋರಿಸುತ್ತಿತ್ತು. ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಮುಗಿದಿತ್ತು. ಐದಾರು ವರ್ಷದ ಯಂತ್ರದಲ್ಲಿ ಇದು ಸಹಜ. ಸಿಆರ್2032 ಅಂತ ಕೇಳಿ ತಂದು ಹಾಕಿದೆ, ನಲವತ್ತು ರೂಪಾಯಿ. ರಿಫರ್ಬಿಷ್ಡ್ ತಂದ ದಿನವೇ ಅದನ್ನು ಬದಲಿಸಿಬಿಡುವುದು ಒಳ್ಳೆಯದು. ಈಗ ನಾನು ಎಲ್ಲರಿಗೂ ಹಾಗೇ ಮಾಡುತ್ತೇನೆ.

ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಯಿತೋ ಲೆಕ್ಕವಿಲ್ಲ. ಯಂತ್ರ, ಮಾನಿಟರ್ ಎರಡೂ ಸೇರಿ ಮಾಮೂಲಿ ಕೆಲಸದಲ್ಲಿ ಎಳೆಯುವುದು ನಲವತ್ತು ವಾಟಿನ ಆಸುಪಾಸು. ಸಣ್ಣ ಯುಪಿಎಸ್ಸೇ ಇಪ್ಪತ್ತು ನಿಮಿಷ ತಡೆಯುತ್ತದೆ. ಬರೆದದ್ದನ್ನು ಉಳಿಸಿ ಬಂದ್ ಮಾಡಲು ಅದು ಧಾರಾಳ. ಲೇಸರ್ ಪ್ರಿಂಟರ್ ಮಾತ್ರ ಯುಪಿಎಸ್ಸಿಗೆ ಹಾಕಬಾರದು, ಬಿಸಿಯಾಗುವಾಗ ಅದು ಎಳೆಯುವ ಕರೆಂಟನ್ನು ಸಣ್ಣ ಯುಪಿಎಸ್ ತಾಳುವುದಿಲ್ಲ. ಯುಎಸ್‌ಬಿ ವೈಫೈಯಿಂದ ಇನ್ನೊಂದು ಅನುಕೂಲವೂ ಆಯಿತು. ಯಂತ್ರದೊಳಗೆ ವೈಫೈ ಇಲ್ಲದ್ದರಿಂದ ಇಂಟರ್ನೆಟ್ ಪೆಟ್ಟಿಗೆಯಿಂದ ಕೇಬಲ್ ಎಳೆಯಬೇಕು ಅಂದುಕೊಂಡಿದ್ದೆ. ಸಿಡಿಲಿನ ಏಟು ಆ ತಾಮ್ರದ ಕೇಬಲ್ಲಿನಿಂದಲೂ ಒಳಗೆ ಬರಬಹುದು. ಯುಎಸ್‌ಬಿ ವೈಫೈ ಹಾಕಿದ್ದರಿಂದ ಆ ದಾರಿಯೂ ಮುಚ್ಚಿತು. ಇಷ್ಟಾದರೂ ಗುಡುಗು ಶುರುವಾದರೆ ಪ್ಲಗ್ ಕೀಳುವುದೇ ಆ ಮನೆಯ ನಿಯಮ. ನೇರ ಸಿಡಿಲನ್ನು ತಡೆಯುವ ಯುಪಿಎಸ್ ಇಲ್ಲ.

ಅಕ್ಟೋಬರ್ 14 ಬಂತು, ಹೋಯಿತು. ಅವತ್ತು ಆ ಮನೆಯಲ್ಲಿ ಯಾರಿಗೂ ಅದರ ನೆನಪಿರಲಿಲ್ಲ.

ಈಗ ಸಂಘದ ಸಭೆ ಮುಗಿದ ರಾತ್ರಿ ಅಮ್ಮ ಬೀರುವಿನಿಂದ ಎರಡು ಸಾಮಾನು ತೆಗೆಯುತ್ತಾರೆ. ಒಂದು, ಪುಟ್ಟ ಯುಎಸ್‌ಬಿ ಪೆಟ್ಟಿಗೆಯೊಳಗೆ ಕೂರಿಸಿದ ಆ ಹಳೆಯ ಹಾರ್ಡ್ ಡಿಸ್ಕ್. ಹನ್ನೆರಡು ವರ್ಷದ್ದು, ಅದೊಂದನ್ನೇ ನಂಬುವ ಹಾಗಿಲ್ಲ. ಹಾಗಾಗಿ ಇನ್ನೊಂದು ಪೆನ್‌ಡ್ರೈವ್. ಲೆಕ್ಕ, ಪುಸ್ತಕ ಎರಡನ್ನೂ ಎರಡಕ್ಕೂ ನಕಲು ಮಾಡಿ, ದಿನಾಂಕವನ್ನು ಕೈಬರಹದ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡುತ್ತಾರೆ. ಹೋದ ಹನ್ನೊಂದು ಪುಟದಲ್ಲಿ ಮೇಷ್ಟ್ರು ಏಳನ್ನು ಮತ್ತೆ ಬರೆದಿದ್ದಾರೆ. ಉಳಿದ ನಾಲ್ಕಕ್ಕೆ ಆ ಕೆರೆಯ ಕಡೆ ಇನ್ನೊಮ್ಮೆ ಹೋಗಿಬರಬೇಕಂತೆ. ಮಳೆ ನಿಲ್ಲಲಿ ಅಂದಿದ್ದಾರೆ.